ಸುಲಿದ ತಂತಿ

ತಂತಿಯ ಸಿಪ್ಪೆನ ಹಲ್ಲಲ್ಲಿ ಸುಲಿಯೋದು ನಮ್ಮಂಥ ಎಲೆಕ್ಟ್ರಿಷಿಯನ್‌ಗಳ ಕೆಟ್ಟ ಚಾಳಿ. ನಾನು ಅದನ್ನ ಬಿಟ್ಟಿದ್ದು ನೆಲಮಂಗಲದ ಒಂದು ಗೋಡೌನಲ್ಲಿ, ಮಟಮಟ ಮಧ್ಯಾಹ್ನ.

ಎಲೆಕ್ಟ್ರಿಕ್ ಗಾಡಿಗಳ ಚಾರ್ಜರ್‌ಗಳನ್ನ ಒಂದಕ್ಕೊಂದು ಜೋಡಿಸೋ ಡೇಟಾ ಕೇಬಲ್ ಎಳೀತಿದ್ವಿ. ಜೊತೆಗಾರ ಅಮರ್ ನೆಲದಡಿಯ ಪೈಪಿಗೆ ಆ ಕಡೆಯಿಂದ ಹೊಸ ಕೇಬಲ್ ತೂರಿಸಿದ, ಈ ಕಡೆ ನಾನು ಎಳೆದೆ. ತುದಿ ಒದ್ದೆಯಾಗಿ, ಬೆಚ್ಚಗೆ ಬಂತು. ಪೈಪಲ್ಲಿ ನೀರಿರಬೇಕು ಅಂದ್ಕೊಂಡು ಬಾಯಿಗಿಟ್ಟೆ. ಕಚ್ಚೋಕೆ ಮೊದಲೇ ನಾಲಿಗೆಗೆ ಹಳಸಿದ ಎಲೆಯಡಿಕೆ ಎಂಜಲು ತಾಗಿತು. ತೆಗೆದು ನೋಡಿದರೆ ಒಳಗಿನ ಬಣ್ಣಬಣ್ಣದ ತಂತಿಗಳೆಲ್ಲ ಆಗಲೇ ಸುಲಿದಿದ್ದವು. ಕೇಬಲ್ ಮೇಲೆ ಸಾಲಾಗಿ ಹಲ್ಲಿನ ಗುರುತು.

"ಥೂ! ಲೇ ಅಮರ, ಕಚ್ಚಿ ಕಳಿಸಿದೀಯೇನೋ?"

"ಯಾವ ಹಲ್ಲಲ್ಲಿ ಕಚ್ಲೋ? ಬೈಕಿಂದ ಬಿದ್ದಾಗಲೇ ಮುಂದಿನವೆಲ್ಲ ಹೋದ್ವಲ್ಲ!"

ಮುಂದಿನ ಪೈಪಲ್ಲೂ ಅದೇ ಬಿಸಿ ಎಂಜಲು, ಅದೇ ಗುರುತು. ಅದರ ಮುಂದಿನದರಲ್ಲೂ. ಕೊನೆಗೆ ಬಟ್ಟೆಯಲ್ಲಿ ಒರೆಸಿ, ಇದ್ದ ಹಾಗೇ ಜೋಡಿಸಿಬಿಟ್ಟೆ. ಸುಲಿದ ಅಳತೆ ಮಾತ್ರ ನಾನು ಸುಲಿಯೋವಷ್ಟೇ ಇತ್ತು. ಆ ಚಾರ್ಜರ್‌ಗಳ ಮೇಲೆ ಇವತ್ತಿನವರೆಗೆ ಒಂದೂ ದೂರಿಲ್ಲ.

ಆಮೇಲೆ ನಲ್ಲಿ ಹತ್ರ ಹೋಗಿ ಬಾಯಿ ಮುಕ್ಕಳಿಸಿ ಉಗಿದೆ. ನೀರಿನ ಜೊತೆ ನೀಲಿ, ಕಿತ್ತಳೆ, ಹಸಿರು ಸಿಪ್ಪೆಗಳು ಬಿದ್ದವು.

ಅವತ್ತು ನಾನು ಒಂದು ತಂತಿಯನ್ನೂ ಕಚ್ಚಿರಲಿಲ್ಲ.