ಐದನೇ ಆಯಾಮದಲ್ಲಿದ್ದ ತಮ್ಮ

“ನಿಮ್ಮ ಭಾಷಣ ಕೇಳಿ ನಮ್ಮವ್ವ ಗುಳಿಗಿ ಬಿಟ್ಟಾಳ. ಇನ್ನೂ ಎಷ್ಟು ಮನಿ ಹಾಳ ಮಾಡಬೇಕಂತ ಮಾಡೀರಿ?”

ಧಾರವಾಡದ ಆ ಸಭಾಂಗಣದಲ್ಲಿ ಎಲ್ಲರೂ ತಿರುಗಿ ನೋಡಿದರು.

ಮೈಕ್ ಹಿಡಿದು ನಿಂತಿದ್ದವಳು ಪೂನಮ್, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ವೇದಿಕೆಯ ಮೇಲಿದ್ದವನು ಮನಃಶಾಸ್ತ್ರದ ಸಂಶೋಧಕ ಲೋಹಿತ. ನಮ್ಮ ಯೋಚನೆಗಳನ್ನು ಕ್ವಾಂಟಮ್ ಕಣಗಳು ರೂಪಿಸುತ್ತಿರಬಹುದು, ಕಾಣದ ಆಯಾಮಗಳಿಂದಲೂ ಅವು ಬರುತ್ತಿರಬಹುದು... ಅವನ ಈ ಮಾತಿನ ವಿಡಿಯೋಗಳು ಎಷ್ಟೋ ಜನರ ಮೊಬೈಲಿನಲ್ಲಿದ್ದವು.

“ಗುಳಿಗಿ ಬಿಡ್ರಿ ಅಂತ ನಾ ಎಂದೂ ಹೇಳಿಲ್ರಿ.”

“ಸತ್ತವರ ಯೋಚನಿ ಐದನೇ ಆಯಾಮದಾಗ ಉಳೀತಾವ ಅಂದೀರಿ. ಪುರಾವೆ ಏನೈತಿ?”

“ಉಳೀಬಹುದು ಅಂದೇನಿ.”

“ಮಗನ್ನ ಕಳಕೊಂಡಾಕಿಗೆ ನಿಮ್ಮ ‘ಬಹುದು’ ಕೇಳಸೂದಿಲ್ರಿ.”

ಅವನು ಭಾಷಣದ ಹಾಳೆ ಮಡಚಿಟ್ಟ. ಪೂನಮ್ ತಿರುಗಿ ನೋಡದೆ ಹೊರಟಳು. ‘ಇಂಥವನ ದನಿ ಇಷ್ಟು ಮೆತ್ತಗಿರಬಾರದಿತ್ತು...’

ಅವಳ ತಮ್ಮ ವಿನೀತ ಬೈಕ್ ಅಪಘಾತದಲ್ಲಿ ಹೋದಾಗಿನಿಂದ ತಾಯಿ ಪ್ರಭಾವತಿ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ಈಗ ಕಮರಿಪೇಟೆಯ ಮನೆಯಲ್ಲಿ ಊಟವನ್ನೂ ಬಿಟ್ಟು, ಕಣ್ಣು ಮುಚ್ಚಿ ಮಗನ ಮಾತಿಗೆ ಕಾಯುತ್ತಿದ್ದರು. ಗುಳಿಗೆ ನುಂಗಿದರೆ ಅವನ ದನಿ ಕೇಳಿಸುವುದಿಲ್ಲವಂತೆ!

ಮರುದಿನ ಲೋಹಿತ ವಿಳಾಸ ಕೇಳಿಕೊಂಡು ಬಾಗಿಲಿಗೆ ಬಂದ.

“ಅವ್ವಾರ ಜೋಡಿ ಮಾತಾಡಬೇಕಿತ್ರಿ.”

“ಯಾಕ, ಇನ್ನೊಂದು ವಿಡಿಯೋ ಮಾಡಾಕ?”

ಅವನು ಚಪ್ಪಲಿ ಕಳಚಿದ. ದನಿ ಗುರುತಿಸಿದ ಪ್ರಭಾವತಿ ಒಳಗಿನಿಂದಲೇ ಕರೆದರು.

“ಬಾಪ್ಪಾ... ನನ್ನ ಮಗ ನಿನ್ನೆ ‘ಅವ್ವಾ’ ಅಂದ. ಅವನೇ ಹೌದಲ್ಲೇನು?”

ಪೂನಮ್ ಬಾಗಿಲಲ್ಲೇ ನಿಂತಳು. ಹೌದು ಎಂದರೆ ಅವ್ವನಿಗೆ ಸುಖ. ಆದರೆ ಅವ್ವ ಮತ್ತೆ ಕೈಗೆ ಸಿಗುವುದಿಲ್ಲ.

ಲೋಹಿತ ನೆಲದ ಮೇಲೆ ಕುಳಿತ.

“ಅದು ಯಾರಿಗೂ ಗೊತ್ತಿಲ್ರಿ ಅವ್ವಾರ. ಐದನೇ ಆಯಾಮದ ಮಾತು ನನ್ನ ಕಲ್ಪನಾ. ನಮ್ಮಪ್ಪ ಹೋದ ಮ್ಯಾಲ ನನ್ನ ಸಮಾಧಾನಕ್ಕ ಕಟ್ಟಿಕೊಂಡಿದ್ದೆ. ಅದನ್ನ ವಿಜ್ಞಾನ ಅಂತ ಹೇಳಬಾರದಿತ್ತು.”

“ನನ್ನ ಮಗನ್ನ ಮತ್ತೊಮ್ಮಿ ಕೊಂದಿ ನೀನು. ಹೋಗು ಇಲ್ಲಿಂದ.”

ಅವನು ಹೊಸ್ತಿಲಾಚೆ ಹೋಗಿ ನಿಂತ. ಪ್ರಭಾವತಿ ಬೈದರು, ಶಪಿಸಿದರು. ಅವನು ತಲೆ ಎತ್ತಲಿಲ್ಲ. ಬೈಯುತ್ತ ಬೈಯುತ್ತಲೇ ಅವರು ಮಗಳ ಹೆಗಲಿಗೊರಗಿ ಅತ್ತರು. ವಿನೀತ ಹೋದ ಮೇಲೆ ಅದೇ ಮೊದಲ ಅಳು.

ಅಂದು ಸಂಜೆ ಅವರು ಮತ್ತೆ ಗುಳಿಗೆ ನುಂಗಿದರು.

ಲೋಹಿತ ವಿಡಿಯೋಗಳನ್ನೆಲ್ಲ ಅಳಿಸಿ, ತಪ್ಪಾಯಿತೆಂದು ಒಂದೇ ವಿಡಿಯೋ ಹಾಕಿದ. ನೂರಾರು ಜನ ಛೀಮಾರಿ ಹಾಕಿದರು. ಆದರೂ ಪ್ರತಿ ಭಾನುವಾರ ಕಮರಿಪೇಟೆಗೆ ಬಂದು ಪ್ರಭಾವತಿಯ ಸಿಟ್ಟಿಗೆ ಕಿವಿಯಾದ. ಆಮೇಲೆ ಪೂನಮ್ ಜೊತೆ ಜಗಳ. ಮಿದುಳಿನ ಬಿಸಿಯಲ್ಲಿ ಕ್ವಾಂಟಮ್ ಸ್ಥಿತಿ ಕ್ಷಣವೂ ನಿಲ್ಲದೆಂದು ಅವಳು, ಆ ಪ್ರಶ್ನೆ ಇನ್ನೂ ತೀರಿಲ್ಲವೆಂದು ಅವನು. ಚಹಾ ಆರಿಹೋಗುತ್ತಿತ್ತು.

ಒಂದು ಭಾನುವಾರ ಮೆಟ್ಟಿಲ ಮೇಲೆ ಕುಳಿತಿದ್ದ ಪೂನಮ್ ಅವನನ್ನು ತಡೆದಳು.

“ಅವ್ವ ಈಗ ಆರಾಮ ಅದಾಳ. ನೀವು ಇನ್ನೂ ಯಾಕ ಬರ್ತೀರಿ?”

“ಬೈಸಿಕೊಳ್ಳಾಕ.”

“ಅವ್ವ ಬೈಯೂದು ಬಿಟ್ಟು ತಿಂಗಳಾತು.”

“ನೀವು ಬೈತೀರಲ್ರಿ...” ಅವನ ದನಿ ಇಳಿಯಿತು. “ನಿಮ್ಮ ಮ್ಯಾಲ ಮನಸಾಗೇತ್ರಿ, ಪೂನಮ್.”

ಅವಳು ಮನಸ್ಸಿನಲ್ಲೇ ಅಂದುಕೊಂಡಳು, ‘ನನಗೂ...’

“ನನ್ನ ಸಿಟ್ಟು ಇನ್ನೂ ಪೂರಾ ಹೋಗಿಲ್ರಿ.”

“ಹೋಗೂತನಕ ಇರ್ತೇನಿ.”

“ಹೋದ ಮ್ಯಾಲ?”

“ಆವಾಗನೂ.”

ಅವಳು ಸೆರಗು ಎಳೆದುಕೊಂಡು, ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದಳು.

“ಕುಂದರ್ರಿ ಮತ್ತ.”