ಹಾಡಿಗೆ ಮುಂಚಿನ ನಾಲ್ಕು ಮಾತು

“ಯಾವನೋ ಅವನು ಫ್ಯೂಸ್ ಹಾರಿಸಿದ್ದು?”

ಕತ್ತಲಲ್ಲಿ ಬಂದ ಆ ದನಿಗೆ ಇಡೀ ಹಾಲ್ ಗಪ್‌ಚುಪ್ ಆಯಿತು. ಗಿಟಾರಿನ ವೈರ್ ಹಿಡಿದು ನಿಂತಿದ್ದ ಆರ್ನೊ ಪೆನ್ನರ್‌ಗೆ ಮೈ ಝುಮ್ಮೆಂದಿತು.

ವಿನ್ನಿಪೆಗ್ ನಗರದ ನಾರ್ತ್ ಎಂಡ್ ಬಡಾವಣೆಯ ಆ ಉಕ್ರೇನಿಯನ್ ಹಾಲಿನಲ್ಲಿ ಶುಕ್ರವಾರ ಬಂತೆಂದರೆ ಇದೇ ಪಾಡು. ಮೇಲೆ ಪಂಕ್ ಬ್ಯಾಂಡುಗಳ ಗಲಾಟೆ, ಕೆಳಗೆ ನೆಲಮಾಳಿಗೆಯಲ್ಲಿ ಅಜ್ಜಿಯರು ಕೂತು ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಡಚುವುದು. ಆರ್ನೊ ತನ್ನ ಆಂಪ್ಲಿಫೈಯರ್ ಹಾಕಿದ್ದೇ ತಡ, ಕೆಳಗಿನ ಕರೆಂಟ್ ಒಲೆಗಳೂ ಆರಿದ್ದವು.

ಯಾರೋ ಲೈಟರ್ ಹೊತ್ತಿಸಿದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಹುಡುಗಿಯೊಬ್ಬಳು ಮೆಟ್ಟಿಲ ಬಳಿ ನಿಂತಿದ್ದಳು. ಹೆಸರು ದಾರ್ಕಾ. ಸಿಟ್ಟಿಗೆ ಮೂಗು ಕೆಂಪಾಗಿತ್ತು.

“ನಮ್ಮ ಬಾಬಾ ಬೆಳಗ್ಗೆಯಿಂದ ಕೂತು ಮಾಡಿದ್ದು. ಎಲ್ಲಾ ಅರ್ಧ ಬೆಂದು ಹಾಳಾಯ್ತು. ನಿಮ್ಮಪ್ಪ ಬಂದು ಬೇಯಿಸ್ತಾನಾ?”

ಬಾಬಾ ಎಂದರೆ ಅವಳ ಅಜ್ಜಿ. ಆ ಅಜ್ಜಿಗೆ ಕಿವಿ ಅಷ್ಟಕ್ಕಷ್ಟೇ. ಅವರಿಗೆ ಕೇಳಲೆಂದು ಕೂಗಿ ಕೂಗಿಯೇ ಮೊಮ್ಮಗಳ ದನಿ ಅಷ್ಟು ಜೋರಾಗಿತ್ತು.

ಆರ್ನೊ ಕ್ಷಮೆ ಕೇಳಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. “ನಮ್ ಬ್ಯಾಂಡಲ್ಲಿ ಹಾಡ್ತೀಯಾ?”

ಅವಳು ಹಿಟ್ಟಿನ ಕೈಯಲ್ಲೇ ಅವನ ಎದೆ ತಳ್ಳಿ ಇಳಿದು ಹೋದಳು. ಕರಿ ಜಾಕೆಟ್ಟಿನ ಮೇಲೆ ಐದು ಬೆರಳೂ ಮೂಡಿದ್ದವು. ಪುಣ್ಯಾತ್ಮ ಅದನ್ನು ಒರೆಸಿಕೊಳ್ಳಲೇ ಇಲ್ಲ!

ಮುಂದಿನ ಶುಕ್ರವಾರ ಅವನು ನೇರವಾಗಿ ಅಡುಗೆಮನೆಗೇ ಇಳಿದ. ಮೆನ್ನೊನೈಟ್ ಪಂಗಡದ ಮನೆಯ ಹುಡುಗ, ಅವರಲ್ಲೂ ಇಂಥದೇ ಕಡುಬು ಮಾಡುತ್ತಿದ್ದರಿಂದ ಮಡಚುವುದು ಕೈಗೆ ಬರುತ್ತಿತ್ತು. ಬಾಬಾ ಅವನ ಹಸಿರು ಕೂದಲನ್ನು ನೋಡಿ, ತಲೆಯ ಮೇಲೆ ಸಬ್ಬಸಿಗೆ ಬೆಳೆದಿದ್ದಾನಲ್ಲೇ ಎಂದರು. ಆದರೆ ಅವನು ಮಡಚಿದ ಕಡುಬು ಒಂದೂ ಬಿಚ್ಚಿಕೊಳ್ಳಲಿಲ್ಲವೆಂದು ಒಪ್ಪಿಕೊಂಡರು. ದಾರ್ಕಾ ಅಂದು ನಕ್ಕಳು. ಚಳಿಗಾಲ ಮುಗಿಯುವ ಮೊದಲೇ ಬ್ಯಾಂಡಿಗೂ ಬಂದಳು.

ಬಾಬಾ ಟ್ರೇಗೆ ಕಡುಬು ಜೋಡಿಸುವಾಗ ತಮ್ಮ ಭಾಷೆಯಲ್ಲಿ ಒಂದರಿಂದ ನಾಲ್ಕರವರೆಗೆ ಎಣಿಸುತ್ತಿದ್ದರು. ದಾರ್ಕಾ ಪ್ರತಿ ಹಾಡಿಗೆ ಮುಂಚೆ ಅದನ್ನೇ ಕೂಗುತ್ತಿದ್ದಳು... “ರಾಜ್, ದ್ವಾ, ತ್ರಿ, ಚೊತೀರಿ!” ಕೂಗುವಾಗ ಆರ್ನೊನತ್ತ ತಿರುಗುತ್ತಿದ್ದಳು, ಏಕೆಂದರೆ ಆ ಸೋಮಾರಿ ಯಾವಾಗಲೂ ಒಂದು ಕ್ಷಣ ತಡವಾಗಿ ಶುರು ಮಾಡುತ್ತಿದ್ದ. ಡ್ರಮ್ ಬಾರಿಸುವ ವಾಲಿ ಅದಕ್ಕಾಗಿ ಅವನಿಗೆ ಬೈಯದ ದಿನವಿಲ್ಲ.

ಮೊದಲ ಆಲ್ಬಮ್ ಮಾಡೋಣ ಎಂಬ ಮಾತು ಬಂದಾಗ ಎಲ್ಲರಿಗಿಂತ ಹೆಚ್ಚು ಆತುರ ಪಟ್ಟವಳು ದಾರ್ಕಾ. ಈ ತಿಂಗಳೇ ಆಗಬೇಕು ಎಂದು ಹಟ ಹಿಡಿದಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಹೇಳುವುದಾದರೂ ಏನನ್ನು? ಅವಳ ಗಂಟಲಲ್ಲಿ ಗಡ್ಡೆ ಇತ್ತು. ಕೊಯ್ಯಲೇಬೇಕು, ಕೊಯ್ದರೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು.

‘ನನ್ನ ದನಿ ಎಲ್ಲಾದರೂ ಒಂದು ಕಡೆ ಉಳಿಯಲಿ ದೇವರೇ... ಬಾಬಾ ಕೇಳಬೇಕು ಅಂದಾಗ ಹಾಕಿ ಕೇಳಿಸೋಕೆ...’ ಅವಳಿಗೆ ಬೇಕಿದ್ದದ್ದು ಅಷ್ಟೇ.

ಒಂದು ಭಾನುವಾರ, ಆ ನೆಲಮಾಳಿಗೆಯಲ್ಲೇ ರೆಕಾರ್ಡಿಂಗ್ ಮುಗಿಸಿದರು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ, ತಪ್ಪಿದರೆ ತಪ್ಪೇ ಇರಲಿ ಎಂಬುದು ಆ ಹುಡುಗರ ನೇಮ. ಕೊನೆಯ ಹಾಡುಗಳಲ್ಲಿ ಅವಳ ದನಿ ಒಡೆಯತೊಡಗಿತು. ಆರ್ನೊಗೆ ಅದು ಕೇಳಿಸಿತು. ಶೀತವಿರಬೇಕೆಂದುಕೊಂಡ.

ಆರ್ನೊ ಮತ್ತು ವಾಲಿ ಕೂತು ಹಾಡು, ಗಿಟಾರ್, ಡ್ರಮ್ ಎಲ್ಲವನ್ನೂ ಹದವಾಗಿ ಬೆರೆಸಿದ ದಿನ ದಾರ್ಕಾ ಬರಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗುತ್ತೇನೆಂದು ಸುಳ್ಳು ಹೇಳಿ ಆಸ್ಪತ್ರೆಯಲ್ಲಿ ಕೂತಿದ್ದಳು. ಎಂಥ ಎಡವಟ್ಟು! ಆ ದಿನವೊಂದು ಅವಳು ಪಕ್ಕದಲ್ಲಿದ್ದಿದ್ದರೆ...

ರೆಕಾರ್ಡುಗಳು ಬಂದ ಮಧ್ಯಾಹ್ನ ಬಾಬಾರ ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಅಂಟು ಹಚ್ಚಿ ರಟ್ಟಿನ ಕವರುಗಳನ್ನು ಮಡಚುತ್ತಿದ್ದರು. ವಾಲಿ ಒಂದನ್ನು ಪ್ಲೇಯರಿಗೆ ಹಾಕಿದ. ದಾರ್ಕಾ ಬಾಬಾರ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದಳು.

ಕುರ್ಚಿ ಎಳೆದ ಸದ್ದಿನಲ್ಲಿ ಹಾಡಿನ ಶುರು ಯಾರಿಗೂ ಕೇಳಲಿಲ್ಲ. ಗಿಟಾರ್ ಅಬ್ಬರಿಸಿತು. ಅದರ ಅಡಿಯಲ್ಲೆಲ್ಲೋ ಯಾರೋ ಕೂಗುತ್ತಿದ್ದಂತಿತ್ತು. ಗೋಡೆಯಾಚೆ ಪಕ್ಕದ ಮನೆಯವರು ಜಗಳವಾಡಿದ ಹಾಗೆ.

ಬಾಬಾ ಸ್ವಲ್ಪ ಹೊತ್ತು ಕಿವಿಗೊಟ್ಟು, ಬರೀ ಟ್ರ್ಯಾಕ್ಟರ್ ಸದ್ದು, ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿ ಎದ್ದು ಹೋದರು.

“ನನ್ನ ದನಿ ಎಲ್ಲಿ ಆರ್ನೊ?”

ಅವನು ಹಲ್ಲು ಕಿರಿದ. “ಪಂಕ್ ಕಣೇ. ಹಾಡೋರು ಗಿಟಾರ್ ಕೆಳಗೇ ಇರ್ಬೇಕು. ನಾವೇನು ರೇಡಿಯೊ ಸ್ಟಾರಾ?”

ಮೂಲ ಟೇಪಿನಿಂದ ಮತ್ತೆ ಬೆರೆಸೋಣ ಎಂದು ಅವಳು ಗೋಗರೆದಳು. ಟೇಪ್ ಎಲ್ಲಿದೆ? ಊರಿನ ಬ್ಯಾಂಡುಗಳೆಲ್ಲ ಒಂದೇ ಟೇಪನ್ನು ಹಂಚಿಕೊಳ್ಳುತ್ತಿದ್ದವು. ಅಷ್ಟರಲ್ಲಾಗಲೇ ಇನ್ನೊಂದು ಬ್ಯಾಂಡು ಅದರ ಮೇಲೆ ತನ್ನ ಹಾಡು ತುಂಬಿಸಿತ್ತು. ಅಳಿಸಿದ್ದು ಅಳಿಸಿದ್ದೇ.

“ನನ್ನನ್ನ ಹೂತು ಹಾಕ್ಬಿಟ್ಟೆ ನೀನು,” ಎಂದಳು ದಾರ್ಕಾ. ಅಂಟು ಮೆತ್ತಿದ ಕೈಯಲ್ಲೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

‘ನನಗಿಂತ ಅವನಿಗೆ ಅವನ ಗಿಟಾರೇ ಹೆಚ್ಚು... ಇವನನ್ನಾ ನಾನು...’

ಆರ್ನೊ ಬಾಗಿಲು ಬಡಿದ, ಕಾದ, ಫೋನ್ ಮಾಡಿದ. ಅವಳು ಮಾತಾಡಲಿಲ್ಲ. ಉಳಿದಿದ್ದ ಆ ಕೆಲವೇ ದಿನದ ದನಿಯನ್ನು ಅವನಿಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಕಾಯಿಲೆ ಮತ್ತೆ ಬರುವುದಿಲ್ಲವೆಂಬ ಭರವಸೆಯನ್ನು ಡಾಕ್ಟರ್ ಕೊಡಲಿಲ್ಲ. ವಾಲಿ ಬೇರೆ ಬ್ಯಾಂಡು ಸೇರಿದ. ರೆಕಾರ್ಡುಗಳು ಬಾಬಾರ ಮನೆಯಲ್ಲಿ ಡಬ್ಬಿಯೊಳಗೇ ಉಳಿದವು. ದಾರ್ಕಾ ಊಟಕ್ಕೆ ಕರೆದರೆ ಬಾಬಾರಿಗೆ ಕೇಳಿಸುತ್ತಿರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕಿತ್ತು. ಮುಟ್ಟಿದಾಗಲೆಲ್ಲ ಆ ಮುದುಕಿ ಬೆಚ್ಚಿಬೀಳುತ್ತಿದ್ದರು.

ಒಂದು ಶುಕ್ರವಾರ ಆರ್ನೊ ಧೈರ್ಯ ಮಾಡಿ ಹಾಲಿನ ಅಡುಗೆಮನೆಗೆ ಇಳಿದು ಕಡುಬು ಮಡಚಲು ಕೂತ. ಬಾಬಾ ತಲೆಯೆತ್ತದೆ ಹೇಳಿದರು. “ಆ ಮನೇಲಿ ನಂಗೆ ಕೇಳಿಸ್ತಿದ್ದಿದ್ದು ಅವಳ ದನಿ ಒಂದೇ ಕಣಪ್ಪಾ. ಅದನ್ನೂ ಕೊಯ್ದು ಬಿಸಾಕಿದ್ರು.”

ಅವನ ಕೈಯಲ್ಲಿದ್ದ ಕಡುಬು ಹಾಗೇ ಉಳಿಯಿತು. ಆಗಷ್ಟೇ ಅವನಿಗೆ ಎಲ್ಲವೂ ಅರ್ಥವಾದದ್ದು.

ಬಾಬಾರನ್ನು ಕರೆದುಕೊಂಡೇ ಅವರ ಮನೆಗೆ ಬಂದ. ಕುತ್ತಿಗೆಗೆ ಸ್ಕಾರ್ಫ್ ಸುತ್ತಿದ್ದ ದಾರ್ಕಾ ಕಿಟಕಿಯ ಬಳಿ ಕೂತಿದ್ದಳು. ಇವನನ್ನು ನೋಡಿ ಮುಖ ತಿರುಗಿಸಿದಳು.

“ಒಂದ್ಸಲ ಕ್ಯಾಸೆಟ್ಟಲ್ಲಿ ನಿನ್ನ ದನಿ ಕೇಳಿ ನೀನು ಅತ್ತಿದ್ದೆ, ನೆನಪಿದ್ಯಾ?” ಎಂದ ಆರ್ನೊ. “ಇದು ಯಾರಿಗೂ ಕೇಳ್ಸೋದು ಬೇಡ ಅಂದಿದ್ದೆ. ರೆಕಾರ್ಡಿಂಗ್ ದಿನ ದನಿ ಒಡೀತಿತ್ತಲ್ಲ... ಜನ ನಗಬಾರ್ದು ಅಂತ ಗಿಟಾರ್ ಕೆಳಗೆ ಮುಚ್ಚಿಟ್ಟೆ ಕಣೇ. ನಂಗೆ ಗೊತ್ತಿರ್ಲಿಲ್ಲ.”

ಅವಳ ಕಣ್ಣು ತುಂಬಿತು. ‘ನಾನೇ ಹೇಳಲಿಲ್ಲವಲ್ಲ... ಹೇಳಿದ್ದರೆ...’ ಈಗ ಯಾರನ್ನು ಬೈದು ಏನು ಪ್ರಯೋಜನ!

ಅವನು ಡಬ್ಬಿಯಿಂದ ಒಂದು ರೆಕಾರ್ಡ್ ತೆಗೆದು ಹಾಕಿದ. ಬೇಡವೆಂದು ಅವಳು ಕೈಯಾಡಿಸಿದಳು. ಅವನು ಕೇಳದೆ, ಹಾಡು ಶುರುವಾಗುವ ಮುಂಚಿನ ಜಾಗಕ್ಕೆ ಮುಳ್ಳನ್ನು ಇಳಿಸಿ ವಾಲ್ಯೂಮ್ ಪೂರ್ತಿ ತಿರುಗಿಸಿದ.

ರಾಜ್, ದ್ವಾ, ತ್ರಿ, ಚೊತೀರಿ!

ಗಿಟಾರ್ ಬರುವಷ್ಟರಲ್ಲಿ ಮುಳ್ಳೆತ್ತಿದ. ಮುಂದಿನ ಹಾಡಿನ ಮೊದಲಿಗೆ ಇಟ್ಟ. ಮತ್ತೆ ಅದೇ ದನಿ, ಮನೆ ಅದುರುವಂತೆ. ಮೇಲೆ ಯಾವ ವಾದ್ಯವೂ ಇರಲಿಲ್ಲ.

ಬಾಬಾ ಗೋಡೆ ಹಿಡಿದು ನಿಂತುಬಿಟ್ಟರು. ಸುಕ್ಕುಗಟ್ಟಿದ ಕೆನ್ನೆಯ ಮೇಲೆ ನೀರು ಇಳಿಯಿತು. “ಚಿಕ್ಕವಳಿದ್ದಾಗಿಂದ ಹೇಳ್ತಿದೀನಿ, ತ್ರಿ ಅನ್ನೋಕೆ ಅವಸರ ಮಾಡ್ತಾಳೆ,” ಎಂದು ಗೊಣಗಿ ಕುರ್ಚಿಯನ್ನು ಸ್ಪೀಕರಿಗೆ ಎಳೆದುಕೊಂಡರು.

ಬೆರೆಸುವ ದಿನ ಈ ಎಣಿಕೆ ಕತ್ತರಿಸಿ ಬಿಸಾಕೋಣ ಎಂದು ವಾಲಿ ಹೇಳಿದ್ದನಂತೆ. ಅದು ಹೋದರೆ ಆಲ್ಬಮ್ಮೇ ಬೇಡ ಎಂದು ತಾನು ಜಗಳಕ್ಕೇ ನಿಂತೆನೆಂದು ಆರ್ನೊ ಹೇಳಿದ.

ಯಾಕೆ ಎಂಬಂತೆ ದಾರ್ಕಾ ಹುಬ್ಬೇರಿಸಿದಳು.

“ಎಣಿಸೋವಾಗ ನನ್ನ ಕಡೆ ತಿರುಗ್ತಿದ್ದೆ,” ಎಂದ ಅವನು. “ನಾನು ಬೇಕೂಂತಲೇ ತಡ ಮಾಡ್ತಿದ್ದೆ ಕಣೇ. ಸರಿಯಾಗಿ ಶುರು ಮಾಡಿದ್ರೆ ನೀನು ತಿರುಗೋದನ್ನೇ ಬಿಟ್ಬಿಡ್ತೀಯ ಅಂತ ಭಯ.”

ಕಳೆದದ್ದು ಯಾವುದೂ ತಿರುಗಿ ಬರುವಂತಿರಲಿಲ್ಲ. ಮುಂದೆ ಏನೆಂಬುದೂ ಗೊತ್ತಿರಲಿಲ್ಲ. ಉಳಿದದ್ದು ಆ ನಾಲ್ಕು ಮಾತು, ಮತ್ತೆ ಎದುರಿಗೆ ಮಂಡಿಯೂರಿ ಕೂತ ಈ ಹುಡುಗ. ದಾರ್ಕಾ ಅವನ ಜಾಕೆಟ್ ಹಿಡಿದು ಹತ್ತಿರಕ್ಕೆಳೆದು ತುಟಿಯಾಡಿಸಿದಳು. ಅವನು ಕಿವಿಯನ್ನು ಅವಳ ತುಟಿಗೇ ತಂದ.

“ತಡ ಮಾಡ್ದೆ,” ಎಂದಿತು ಆ ಉಸಿರು. “ಈ ಸಲಾನೂ.”

“ಹೌದು. ಎಣಿಸು, ಶುರು ಮಾಡ್ತೀನಿ.”

ಅವಳು ಅವನ ಕಿವಿಯಲ್ಲಿ ಎಣಿಸತೊಡಗಿದಳು. ತ್ರಿ ಮುಗಿಯುವ ಮೊದಲೇ ಅವನು ಅವಳನ್ನು ತಬ್ಬಿಕೊಂಡಿದ್ದ.