ವಾಸನೆ ಬಾರದ ಬಾಡು

ಕೃಷ್ಣಮೂರ್ತಿಪುರಂನಲ್ಲಿ ಸ್ವಂತ ಮನೆಯಿದ್ದೂ ಮಲಗಲು ಗಾಡಿ ಬಾಡಿಗೆಗೆ ತಂದವನು ನನ್ನ ಮೊಮ್ಮಗಳು ನಯನಾಳ ಗಂಡ, ಗೌತಮ್. ಕ್ಯಾರವಾನ್ ಅಂತೆ. ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೋಗಿ ಊರಾಚೆ ಕೆರೆ ದಡದಲ್ಲಿ ಅದನ್ನು ನಿಲ್ಲಿಸಿ, ಸಂಜೆ ಕೋಳಿ ಸುಡಲು ಕೂತ.

"ಬಯಲಲ್ಲಿ ಬಾಡು ಸುಟ್ರೆ ಮೊದಲ ತುಂಡು ಆಚೆಗೆ ಎಸೆದ್ಬುಡಬೇಕು ಕಣಪ್ಪ. ನಯನಾ ಬಸುರಿ, ಗಾಳಿ ಮೆಟ್ಕೊಂಡ್ಬುಟ್ರೆ?" ಅಂದೆ.

"ಗಾಳಿಗೂ ಮಸಾಲೆ ಬೇಕಾ ಅಜ್ಜಿ?" ಅಂತ ಹಲ್ಲು ಕಿರಿದ. ಅವನ ಓದಿಗಿಷ್ಟು ಬೆಂಕಿ ಹಾಕ.

ಕೆಂಡ ನಿಗಿನಿಗಿ ಅನ್ನುತ್ತಿತ್ತು. ತುಂಡುಗಳು ಕಪ್ಪಾದರೂ ಮುಟ್ಟಿದರೆ ಬಾವಿನೀರಿನಂತೆ ತಣ್ಣಗಿದ್ದವು. ವಾಸನೆಯೇ ಇಲ್ಲ. ಬೆನ್ನ ಹಿಂದೆ ಯಾರೋ ಮೂಳೆ ಚೀಪುವ ಸದ್ದು. ಗೌತಮ್ ಇದ್ದಿಲು ಮಾರಿದವನನ್ನು ಬೈಯುತ್ತಾ ಕೂತ. ನಾನು ನಯನಾಳನ್ನು ಗಾಡಿಗೆ ಹತ್ತಿಸಿ, ಒಳಗಿಂದ ಬಾಗಿಲು ಹಾಕಿದೆ.

"ಕೋಳಿ ಚೆನ್ನಾಗಿತ್ತು ಅಜ್ಜಿ," ಅಂದಳು.

ಅವಳು ಒಂದು ತುಂಡನ್ನೂ ಮುಟ್ಟಿರಲಿಲ್ಲ. ಆದರೆ ಅವಳ ಬಾಯಿಂದ ಸುಟ್ಟ ಬಾಡಿನ ವಾಸನೆ ಘಮ್ಮೆಂದು ಬರುತ್ತಿತ್ತು.